ಶಾಲೆಯ ಗೋಡೆಯ ಬರಹ ಫೋನಿಗೆ ಬಂದ ಬಗೆ

ನಾನು ಹೈಸ್ಕೂಲಿನಲ್ಲಿದ್ದಾಗ ಶಾಲೆಯ ಹಿಂದಿನ ಗೋಡೆಯ ಮೇಲೆ ಯಾರೋ ಇದ್ದಿಲಿನಲ್ಲಿ ನನ್ನ ಹೆಸರಿನ ಪಕ್ಕ ಒಬ್ಬ ಹುಡುಗಿಯ ಹೆಸರು ಬರೆದಿದ್ದರು. ಒಂದು ವಾರ ಕ್ಲಾಸೆಲ್ಲ ನಕ್ಕಿತು. ಆ ಹುಡುಗಿ ಮೂರು ದಿನ ಶಾಲೆಗೆ ಬರಲಿಲ್ಲ. ಕೊನೆಗೆ ಹೆಡ್‌ಮಾಸ್ಟರು ಗೋಡೆಗೆ ಸುಣ್ಣ ಹೊಡೆಸಿದರು. ಅಲ್ಲಿಗೆ ಮುಗಿಯಿತು. ಸಂಜೆ ಬೆಲ್ ಹೊಡೆದ ಮೇಲೆ ಗೋಡೆ ಶಾಲೆಯಲ್ಲೇ ಉಳಿಯುತ್ತಿತ್ತು, ನಾವು ಮನೆಗೆ ಬರುತ್ತಿದ್ದೆವು.

ಈಗ ಆ ಗೋಡೆ ಮಕ್ಕಳ ಜೊತೆಗೇ ಮನೆಗೆ ಬರುತ್ತದೆ. ಊಟಕ್ಕೆ ಕೂತಾಗಲೂ ಇರುತ್ತದೆ, ಮಲಗಿದಾಗ ದಿಂಬಿನ ಕೆಳಗೂ ಇರುತ್ತದೆ. ಇದು ಒಂದೇ ದಿನದಲ್ಲಿ ಆದದ್ದಲ್ಲ. ಇದಕ್ಕೊಂದು ಇತಿಹಾಸವಿದೆ.

ಮಕ್ಕಳು ಮಕ್ಕಳನ್ನು ಹಂಗಿಸುವುದು ಹಳೆಯ ಕಾಲದಿಂದಲೂ ಇದೆ. ಆದರೆ ಅದನ್ನು ಗಂಭೀರವಾಗಿ ಅಧ್ಯಯನ ಮಾಡಿದವರಲ್ಲಿ ಮೊದಲಿಗರು ಡಾನ್ ಓಲ್ವೆಯಸ್. ಸ್ವೀಡನ್‌ನಲ್ಲಿ ಹುಟ್ಟಿ ನಾರ್ವೆಯಲ್ಲಿ ಕೆಲಸ ಮಾಡಿದ ಮನಃಶಾಸ್ತ್ರಜ್ಞ. 1970ರ ದಶಕದಲ್ಲೇ ಅವರು ಈ ಕೆಲಸ ಶುರು ಮಾಡಿದ್ದರೂ ಸರ್ಕಾರ ಕಣ್ಣು ತೆರೆದದ್ದು ಒಂದು ದುರಂತದ ನಂತರ. 1982ರ ಕೊನೆಯಲ್ಲಿ ಉತ್ತರ ನಾರ್ವೆಯಲ್ಲಿ 10ರಿಂದ 14 ವರ್ಷದೊಳಗಿನ ಮೂವರು ಹುಡುಗರು ಜೀವ ಕಳೆದುಕೊಂಡರು. ಸಹಪಾಠಿಗಳ ಕಿರುಕುಳವೇ ಕಾರಣವಿರಬೇಕು ಎಂಬ ಸುದ್ದಿ ಪತ್ರಿಕೆಗಳಲ್ಲಿ ಬಂತು. 1983ರಲ್ಲಿ ದೇಶದ ಶಾಲೆಗಳಲ್ಲೆಲ್ಲ ಅಭಿಯಾನ ನಡೆಯಿತು.

ತಮಾಷೆಗೂ ಕಿರುಕುಳಕ್ಕೂ ಇರುವ ವ್ಯತ್ಯಾಸವನ್ನು ಓಲ್ವೆಯಸ್ ಮೂರು ಮಾತಿನಲ್ಲಿ ಹಿಡಿದರು. ನೋಯಿಸಬೇಕೆಂಬ ಉದ್ದೇಶ ಇರಬೇಕು. ಮತ್ತೆ ಮತ್ತೆ ನಡೆಯಬೇಕು. ಎದುರಿನ ಮಗು ತಿರುಗಿ ನಿಲ್ಲಲಾಗದಷ್ಟು ಬಲದ ಅಂತರ ಇರಬೇಕು. ಫೋನು ಈ ಮೂರರಲ್ಲಿ ಎರಡನ್ನು ಬದಲಿಸಿಬಿಟ್ಟಿತು. ಒಂದು ಫೋಟೋ ಒಂದೇ ಸಲ ಹಾಕಿದರೆ ಸಾಕು, ಉಳಿದವರು ಫಾರ್ವರ್ಡ್ ಮಾಡುತ್ತಾ ಹೋಗುತ್ತಾರೆ. ಬಲಕ್ಕೂ ತೋಳು ಬೇಕಿಲ್ಲ, ಹೆಸರಿಲ್ಲದ ಒಂದು ನಕಲಿ ಅಕೌಂಟ್ ಸಾಕು.

ಅಮೆರಿಕದಲ್ಲಿ ಇದು 2003ರಲ್ಲೇ ಕಂಡಿತು. ವರ್ಮಾಂಟ್ ರಾಜ್ಯದ ರಯಾನ್ ಹ್ಯಾಲಿಗನ್ ಎಂಬ 13 ವರ್ಷದ ಹುಡುಗನನ್ನು ಶಾಲೆಯಲ್ಲಿ ಮೊದಲಿಂದಲೂ ಗೇಲಿ ಮಾಡುತ್ತಿದ್ದರು. ಆ ಬೇಸಿಗೆ ರಜೆಯಲ್ಲಿ ಅದು ಕಂಪ್ಯೂಟರಿನ ಚಾಟ್‌ಗೂ ಬಂತು. ಅಕ್ಟೋಬರ್ 7ರಂದು ಅವನು ತೀರಿಕೊಂಡ. ಮಗನ ಕಂಪ್ಯೂಟರ್ ತೆರೆದು ನೋಡಿದಾಗಲೇ ಅಪ್ಪನಿಗೆ ಗೊತ್ತಾದದ್ದು, ಮಗ ಮನೆಯಲ್ಲೇ ಕೂತು ಇಷ್ಟೆಲ್ಲ ಅನುಭವಿಸಿದ್ದ ಎಂದು. ಆ ತಂದೆಯ ಓಡಾಟದಿಂದ 2004ರಲ್ಲಿ ವರ್ಮಾಂಟ್‌ನಲ್ಲಿ ಶಾಲಾ ಕಿರುಕುಳ ತಡೆಯುವ ಕಾನೂನು ಬಂತು. ನಂತರ ಅವರು ಊರೂರಿನ ಶಾಲೆಗಳಿಗೆ ಹೋಗಿ ಮಕ್ಕಳೊಂದಿಗೆ ಮಾತಾಡತೊಡಗಿದರು.

ಕೆನಡಾದ ಅಮಾಂಡಾ ಟಾಡ್‌ಗೆ 15 ವರ್ಷ. ಅಪರಿಚಿತನೊಬ್ಬ ಅವಳ ಚಿತ್ರ ಹಿಡಿದುಕೊಂಡು ಬೆದರಿಸಿದ. ಶಾಲೆ ಬದಲಿಸಿದರೂ ಚಿತ್ರ ಹಿಂದೆಯೇ ಬಂತು. ಹೊಸ ಶಾಲೆಯ ಮಕ್ಕಳೂ ಹಂಗಿಸಿದರು. 2012ರ ಅಕ್ಟೋಬರ್‌ನಲ್ಲಿ ಅವಳು ತೀರಿಕೊಂಡಳು. ನೆದರ್ಲೆಂಡ್ಸ್‌ನ ಆ ವ್ಯಕ್ತಿಗೆ ಕೆನಡಾದ ನ್ಯಾಯಾಲಯ 13 ವರ್ಷ ಶಿಕ್ಷೆ ವಿಧಿಸಿದ್ದು 2022ರಲ್ಲಿ, ಹತ್ತು ವರ್ಷಗಳ ನಂತರ. ಆದರೆ ಶಾಲೆಯಲ್ಲಿ ನಕ್ಕವರಿಗೆ ಯಾವ ಕಾನೂನಿನ ಶಿಕ್ಷೆಯಿದೆ ಹೇಳಿ?

ನಮ್ಮಲ್ಲಿಗೆ ಬರೋಣ. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದ ಮೇಲೆ ಹಳ್ಳಿಗೂ ಡೇಟಾ ಅಗ್ಗವಾಯಿತು. ಆಗಲೂ ಫೋನು ಅಪ್ಪನ ಜೇಬಿನಲ್ಲೇ ಇತ್ತು. ಮಕ್ಕಳ ಕೈಗೆ ಅದನ್ನು ಕೊಟ್ಟದ್ದು 2020ರ ಕೊರೊನಾ. ಶಾಲೆ ಮುಚ್ಚಿತು, ಪಾಠ ವಾಟ್ಸ್‌ಆಪ್‌ಗೆ ಬಂತು. ವಿದ್ಯಾಗಮ ಯೋಜನೆಯಲ್ಲಿ ಮನೆಯಲ್ಲಿ ಫೋನು ಇದೆಯೋ ಇಲ್ಲವೋ ನೋಡಿಯೇ ಮಕ್ಕಳ ಗುಂಪು ಮಾಡಿದರು. ಸಾಲ ಮಾಡಿ ಫೋನು ತಂದವರನ್ನು ನಾನೇ ಕಂಡಿದ್ದೇನೆ. ಅದೇ ವರ್ಷ ಮೇ ತಿಂಗಳಲ್ಲಿ ದೆಹಲಿಯ ಶಾಲಾ ಹುಡುಗರು ಇನ್‌ಸ್ಟಾಗ್ರಾಂ ಗ್ರೂಪ್‌ನಲ್ಲಿ ಹುಡುಗಿಯರ ಫೋಟೋ ಹಾಕಿ ಅಸಹ್ಯವಾಗಿ ಮಾತಾಡುತ್ತಿದ್ದದ್ದು ಬಯಲಾಯಿತು. ಅದು ದೊಡ್ಡ ಸುದ್ದಿಯಾಯಿತು. ನಮ್ಮ ಕಡೆಯದ್ದು ಸುದ್ದಿಯಾಗುವುದಿಲ್ಲ.

ಮರುವರ್ಷ ನಮ್ಮ ತಾಲೂಕಿನಲ್ಲಿ ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳ ಮುಖವನ್ನು ಬೇರೆ ಫೋಟೋಕ್ಕೆ ಅಂಟಿಸಿ ಯಾರೋ ಸ್ಟೇಟಸ್ ಹಾಕಿದರು. ನಾನು ಸುದ್ದಿಗೆಂದು ಹೋದೆ. ಅವಳ ಅಪ್ಪ ಕೈ ಮುಗಿದು, "ಬರೀಬೇಡಿ ಸಾರ್, ಊರಲ್ಲಿ ತಲೆ ಎತ್ತೋಕಾಗಲ್ಲ" ಎಂದರು. ಬರೆಯಲಿಲ್ಲ. ಆದರೆ ಆ ಫೋಟೋ ನಮ್ಮ ಸುದ್ದಿಯವರ ಗ್ರೂಪ್‌ನಲ್ಲೇ ಎರಡು ಸಲ ಬಂದಿತ್ತು. ನಾನು ತೆಗೆಯಿರಿ ಎನ್ನದೆ ಸುಮ್ಮನಿದ್ದೆ. ಇವತ್ತಿಗೂ ಅದು ನನ್ನನ್ನು ಚುಚ್ಚುತ್ತದೆ.

ಆ ಹುಡುಗಿ ಮೊದಲ ಹದಿನೈದು ದಿನ ಮನೆಯಲ್ಲಿ ಹೇಳಿರಲಿಲ್ಲ. ಹೊಟ್ಟೆನೋವು ಅನ್ನುತ್ತಿದ್ದಳಂತೆ, ರಾತ್ರಿ ನಿದ್ದೆ ಇಲ್ಲ, ಊಟ ಸೇರುತ್ತಿರಲಿಲ್ಲ. ಯಾಕೆ ಹೇಳಲಿಲ್ಲ ಎಂದರೆ, "ಹೇಳಿದ್ರೆ ಶಾಲೆ ಬಿಡಿಸ್ತಾರೆ ಅಂತ" ಎಂದಳು. ಅವಳು ಹೆದರಿದಂತೆಯೇ ಆಯಿತು. ಫೋನು ಕಿತ್ತುಕೊಂಡರು, ಗಂಡು ನೋಡತೊಡಗಿದರು. ಒಬ್ಬ ಟೀಚರ್ ಮನೆಗೆ ನಾಲ್ಕು ಸಲ ಹೋಗಿ ಕೂತು ಮಾತಾಡಿದ್ದರಿಂದ ಪರೀಕ್ಷೆಗೆ ಕೂತಳು. ಸ್ಟೇಟಸ್ ಹಾಕಿದವನು ಮಾಮೂಲಿನಂತೆ ಶಾಲೆಗೆ ಬರುತ್ತಿದ್ದ.

ವರ್ಮಾಂಟ್ ಆಗಲಿ ನಮ್ಮ ತಾಲೂಕಾಗಲಿ, ಮನೆಯವರಿಗೆ ಗೊತ್ತಾದದ್ದು ತಡವಾಗಿಯೇ. ನಮ್ಮಲ್ಲಿ ಹೆಣ್ಣುಮಕ್ಕಳು ಬಾಯಿ ಬಿಟ್ಟರೆ ಓದೇ ಹೋಗುತ್ತದೆ. ಗಂಡುಮಕ್ಕಳಿಗೆ "ಗಂಡಸಾಗಿ ಅಳ್ತೀಯೇನೋ" ಎಂಬ ಮಾತು ಸಿಗುತ್ತದೆ. ನೋವಿಗಿಂತ ಈ ಒಂಟಿತನವೇ ಮಕ್ಕಳನ್ನು ಹೆಚ್ಚು ಕುಗ್ಗಿಸುತ್ತದೆ. ನಿದ್ದೆ ಕೆಡುತ್ತದೆ, ಓದು ತಲೆಗೆ ಹತ್ತುವುದಿಲ್ಲ, ಕೆಲವರಿಗೆ ಬದುಕೇ ಬೇಡ ಅನ್ನಿಸುತ್ತದೆ.

ಕಾನೂನು ಇಲ್ಲವೆಂದಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆ ಬಂದದ್ದು 2000ದಲ್ಲಿ. ಅದರ 66ಎ ಕಲಮನ್ನು 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ ರದ್ದು ಮಾಡಿತು, ಏಕೆಂದರೆ ಅದು ವಾಕ್ ಸ್ವಾತಂತ್ರ್ಯಕ್ಕೆ ಧಕ್ಕೆ ತರುತ್ತಿತ್ತು. ಆದರೆ ಖಾಸಗಿ ಚಿತ್ರ ಹಂಚುವುದರ ವಿರುದ್ಧದ 66ಇ, ಮಕ್ಕಳ ಅಶ್ಲೀಲ ಚಿತ್ರಗಳ ವಿರುದ್ಧದ 67ಬಿ, 2012ರ ಪೋಕ್ಸೋ ಕಾಯ್ದೆ ಇವೆ. ಪೋಕ್ಸೋ ಪ್ರಕರಣದಲ್ಲಿ ಮಗುವಿನ ಗುರುತು ಬಯಲು ಮಾಡಿದರೆ ನಮ್ಮಂಥ ವರದಿಗಾರರಿಗೂ ಶಿಕ್ಷೆ ಇದೆ. ತಪ್ಪು ಮಾಡಿದವನೂ 18 ತುಂಬದ ಹುಡುಗನಾಗಿದ್ದರೆ ಪ್ರಕರಣ ಬಾಲ ನ್ಯಾಯ ಮಂಡಳಿಗೆ ಹೋಗುತ್ತದೆ. ಅವನನ್ನು ತಿದ್ದುವುದೇ ಅಲ್ಲಿನ ಉದ್ದೇಶ.

ನಿಮ್ಮ ಮನೆಯಲ್ಲಿ ಹೀಗಾದರೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ಅಳಿಸಬೇಡಿ. ಆದರೆ ಅದು ಮಗುವಿನ ಅಶ್ಲೀಲ ಚಿತ್ರವಾದರೆ ಯಾರಿಗೂ ಕಳಿಸಬೇಡಿ, ಫೋನನ್ನೇ ಪೊಲೀಸರಿಗೆ ತೋರಿಸಿ. ಮಕ್ಕಳ ಸಹಾಯವಾಣಿ 1098. ಮನಸ್ಸಿನ ಕಷ್ಟಕ್ಕೆ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಇದಕ್ಕೆಲ್ಲ ಮೊದಲು ಇನ್ನೊಂದಿದೆ. ಮಗು ಹೇಳಿದ ದಿನ ಬೈಯಬೇಡಿ, ಶಾಲೆ ಬಿಡಿಸುವ ಮಾತಾಡಬೇಡಿ. ಗ್ರೂಪ್‌ನಲ್ಲಿ ಅಂಥದ್ದು ಬಂದರೆ ನನ್ನ ಹಾಗೆ ಸುಮ್ಮನಿರಬೇಡಿ. ಗೋಡೆಗೆ ಸುಣ್ಣ ಹೊಡೆಸಲು ನಮಗೆ ಹೆಡ್‌ಮಾಸ್ಟರ್ ಇದ್ದರು. ಈ ಗೋಡೆಗೆ ನಾವೇ ಹೊಡೆಯಬೇಕು.