ಅರಸೀಕೆರೆಯಿಂದ ಬೇಲೂರಿಗೆ, ದಾರಿಯಲ್ಲಿ ನಿಲ್ಲದೆ

ಹೊಯ್ಸಳರ ಶಿಲ್ಪ ನೋಡಲು ಹೊರಟವರಿಗೆ ದೇವಸ್ಥಾನದ ಊರಿನವರೆಗೆ ರೈಲಿನ ಭಾಗ್ಯ ಇರಲಿಲ್ಲ. ಬೆಂಗಳೂರು–ಹುಬ್ಬಳ್ಳಿ ಮಾರ್ಗದಲ್ಲಿ ಬಂದವರು ಅರಸೀಕೆರೆ ಜಂಕ್ಷನ್ನಿನಲ್ಲೋ ಅದರಾಚೆಯ ಬಾಣಾವರದಲ್ಲೋ ಇಳಿದು, ಜಾವಗಲ್ ದಾಟಿ ಹಳೇಬೀಡು ಸೇರಿ, ಅಲ್ಲಿಂದ ಮತ್ತೆ 16 ಕಿ.ಮೀ. ಸಾಗಿ ಬೇಲೂರು ಮುಟ್ಟಬೇಕಿತ್ತು. ಅರಸೀಕೆರೆಯಿಂದ ಒಟ್ಟು ಸುಮಾರು 60 ಕಿ.ಮೀ. ಇಂದಿನ ಕಾರಿಗೆ ಇದೊಂದು ದೂರವೇ ಅಲ್ಲ. ನಲವತ್ತು–ಐವತ್ತು ವರ್ಷಗಳ ಹಿಂದಿನ ಬಾಡಿಗೆ ಕಾರಿನ ಚಾಲಕ ಮಾತ್ರ ಇಷ್ಟು ದೂರಕ್ಕೂ ತಯಾರಿ ಮಾಡಿಕೊಂಡೇ ಹೊರಡುತ್ತಿದ್ದ. ರೇಡಿಯೇಟರಿಗೆ ನೀರು ತುಂಬಿಸಿ, ಆಯಿಲ್ ಕಡ್ಡಿ ಎಳೆದು ನೋಡಿ, ಡಿಕ್ಕಿಯಲ್ಲಿ ಒಂದು ಕ್ಯಾನ್ ನೀರು, ಮತ್ತೊಂದು ಫ್ಯಾನ್ ಬೆಲ್ಟು, ಒಂದೆರಡು ಪ್ಲಗ್ಗು, ಪ್ಲಗ್ಗಿನ ಕಿಡಿಗೆ ಬೇಕಾದ ಒಂದು ಜೊತೆ ಪಾಯಿಂಟು, ಸ್ಟಾರ್ಟ್ ಮಾಡುವ ಹ್ಯಾಂಡಲ್ಲು ಇವೆಯೇ ಎಂದು ಖಾತ್ರಿ ಮಾಡಿಕೊಂಡ ಮೇಲೇ ಅವನು ಬಾಗಿಲು ಹಾಕುತ್ತಿದ್ದದ್ದು.

ಆ ಕಾರು ಬಹುಮಟ್ಟಿಗೆ ಅಂಬಾಸಿಡರ್. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಸರಣಿಯ ಅಚ್ಚನ್ನು ತಂದು ಹಿಂದೂಸ್ತಾನ್ ಮೋಟರ್ಸ್ ಬಂಗಾಳದ ಉತ್ತರಪಾರಾದಲ್ಲಿ 1957ರ ಸುಮಾರಿಗೆ ಇದನ್ನು ತಯಾರಿಸಲು ಶುರುಮಾಡಿತು. 2014ರಲ್ಲಿ ಕಾರ್ಖಾನೆ ಬಾಗಿಲು ಹಾಕುವವರೆಗೂ ಅದರ ಆಕಾರ ಹೆಚ್ಚೇನೂ ಬದಲಾಗಲಿಲ್ಲ. ಮಾರ್ಕ್ 2, ಮಾರ್ಕ್ 3, ಮಾರ್ಕ್ 4 ಎಂದು ಹೆಸರು ಏರುತ್ತಾ ಹೋದರೂ ಕಣ್ಣಿಗೆ ಕಾಣುತ್ತಿದ್ದ ವ್ಯತ್ಯಾಸ ಮುಖ್ಯವಾಗಿ ಮುಂದಿನ ಜಾಲರಿಯದು. ಇದರ ಜೊತೆಗಿದ್ದ ಇನ್ನೊಂದು ಆಯ್ಕೆ ಮುಂಬೈಯ ಪ್ರೀಮಿಯರ್ ಕಂಪನಿಯ ಫಿಯೆಟ್ 1100, ಮುಂದೆ ಪದ್ಮಿನಿ ಎನಿಸಿಕೊಂಡದ್ದು. ಮದ್ರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್ ಸೇರಿಸಿದರೆ ಪಟ್ಟಿ ಮುಗಿಯಿತು. 1980ರ ದಶಕದ ಆರಂಭದಲ್ಲೂ ಇಡೀ ದೇಶದಲ್ಲಿ ವರ್ಷಕ್ಕೆ 50 ಸಾವಿರ ಕಾರುಗಳೂ ತಯಾರಾಗುತ್ತಿರಲಿಲ್ಲ. ಹಣ ಕಟ್ಟಿ ವರ್ಷಗಟ್ಟಲೆ ಕಾಯುವ ಗಿರಾಕಿ ಇರುವಾಗ ಬಾಗಿಲು ಸರಿಯಾಗಿ ಕೂಡುತ್ತದೆಯೇ, ಮಳೆನೀರು ಒಳಗೆ ಸೋರುತ್ತದೆಯೇ ಎಂದು ತಲೆಕೆಡಿಸಿಕೊಳ್ಳಬೇಕಾದ ಒತ್ತಡ ಯಾವ ಕಾರ್ಖಾನೆಗೂ ಇರಲಿಲ್ಲ. ಹಾರ್ನ್ ಒಂದನ್ನು ಬಿಟ್ಟು ಗಾಡಿಯ ಮಿಕ್ಕೆಲ್ಲ ಭಾಗವೂ ಸದ್ದು ಮಾಡುತ್ತದೆ ಎಂಬ ಜೋಕು ಹುಟ್ಟಿದ್ದು ಆಗಲೇ.

ಆದರೂ ಹಾಸನ ಜಿಲ್ಲೆಯಲ್ಲಿ ಇಂದಿಗೂ ಹಿರಿಯರ ಬಾಯಲ್ಲಿ ಒಂದು ಮಾತು ಕೇಳಿಬರುತ್ತದೆ: ಹಳೇ ಗಾಡಿಯ ಗಟ್ಟಿತನ ಈಗಿನದಕ್ಕೆಲ್ಲಿ? ಈ ಮಾತನ್ನು ಸ್ವಲ್ಪ ತಟ್ಟಿ ನೋಡಬೇಕು. ಅಂಬಾಸಿಡರಿನ ತಗಡು ದಪ್ಪ ಇದ್ದದ್ದು ನಿಜ, ಮೂಟೆ ಹೇರಿದರೂ ಹಳ್ಳಿಯ ಗುಂಡಿಗಳಲ್ಲಿ ಏಳುತ್ತಾ ಬೀಳುತ್ತಾ ಹೋಗುತ್ತಿದ್ದದ್ದೂ ನಿಜ. ಮುಂದಿನ ಉದ್ದ ಸೀಟಿನಲ್ಲಿ ಚಾಲಕನ ಬಲಕ್ಕೂ ಒಬ್ಬರನ್ನು ಕೂರಿಸಿಕೊಂಡು ಅದು ಓಡುತ್ತಿತ್ತು. ಆದರೆ ಓಡಲು ಅದು ಕೇಳುತ್ತಿದ್ದ ಸೇವೆ ಎಷ್ಟು! ಆಗಾಗ ಗ್ರೀಸು ಹೊಡೆಯಬೇಕು, ಪಾಯಿಂಟು ಉಜ್ಜಿ ಸಂದು ಸರಿಮಾಡಬೇಕು, ಪ್ಲಗ್ಗಿನ ಮಸಿ ಕೆರೆಯಬೇಕು, ಕಾರ್ಬುರೇಟರ್ ಬಿಚ್ಚಿ ಊದಬೇಕು. ಇಂಜಿನ್ ಆಯಿಲ್ ಕುಡಿಯಲು ಶುರುಮಾಡಿತೆಂದರೆ ಬೋರ್ ಮಾಡಿಸುವ ಖರ್ಚು ಕಾದಿರುತ್ತಿತ್ತು. ಬೇಲೂರು ಮುಗಿಸಿ ಮೂಡಿಗೆರೆಯ ಮೇಲೆ ಚಾರ್ಮಾಡಿ ಘಾಟಿಗೆ ಹೊರಟ ಕಾರು ವಾಪಸು ಹತ್ತುವಾಗ ನಿಂತರೆ ಯಾರಿಗೂ ಅಚ್ಚರಿಯಾಗುತ್ತಿರಲಿಲ್ಲ. ಬಿಸಿಗೆ ಪೆಟ್ರೋಲು ಕೊಳವೆಯಲ್ಲೇ ಆವಿಯಾಗಿ ಇಂಜಿನ್ನಿಗೆ ತಲುಪುತ್ತಿರಲಿಲ್ಲ, ಚಾಲಕ ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತಿ ಕಾಯುತ್ತಿದ್ದ. ಒಂದು ಸ್ಪ್ಯಾನರು, ಒಂದು ತುಂಡು ತಂತಿ ಇದ್ದರೆ ರಸ್ತೆಬದಿಯಲ್ಲೇ ಸರಿಮಾಡಬಹುದಿತ್ತು ಎಂಬುದು ಅದರ ನಿಜವಾದ ಗುಣ. ಕೆಡದೇ ಇರುವುದು ಮಾತ್ರ ಅದರ ಗುಣವಾಗಿರಲಿಲ್ಲ.

ಗುಣಮಟ್ಟದ ಕಥೆಯಲ್ಲಿ ಬೆಂಗಳೂರಿನದೂ ಒಂದು ಪಾಲಿದೆ. ಜರ್ಮನಿಯ ಬಾಷ್ ಸಹಯೋಗದಲ್ಲಿ 1951ರಲ್ಲಿ ಶುರುವಾದ ಮೈಕೋ, ಆಡುಗೋಡಿಯ ಕಾರ್ಖಾನೆಯಲ್ಲಿ ಸ್ಪಾರ್ಕ್ ಪ್ಲಗ್ಗನ್ನೂ ಡೀಸೆಲ್ ಪಂಪನ್ನೂ ಮಾಡಿತು. ಗ್ಯಾರೇಜಿನ ಮೇಸ್ತ್ರಿ ಮೈಕೋ ಎಂದರೆ ಅದು ಪ್ಲಗ್ಗೇ. ಬಿಡಿಭಾಗ ಚೆನ್ನಾಗಿ ಮಾಡಬಲ್ಲ ಊರು ಇಡೀ ಕಾರು ಮಾಡಲು ಹೋಗಿ ಅಷ್ಟು ಯಶಸ್ಸು ಕಾಣಲಿಲ್ಲ. ಎಪ್ಪತ್ತರ ದಶಕದಲ್ಲಿ ಮೂರು ಚಕ್ರದ ಬಾದಲ್, 1982ರಲ್ಲಿ ಇಂಗ್ಲೆಂಡಿನ ರಿಲಯಂಟ್ ಕಾರಿನ ಮಾದರಿಯ ಸಿಪಾನಿ ಡಾಲ್ಫಿನ್ ಬಂದವು. ಡಾಲ್ಫಿನ್ನಿನ ಮೈ ಫೈಬರಿನದು, ತುಕ್ಕು ಹಿಡಿಯದು. ಆದರೆ ಮರುವರ್ಷವೇ ಮಾರುತಿ ಬಂತು.

1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿ ಮೊದಲ ಮಾರುತಿ 800ರ ಕೀಲಿಕೈ ಕೊಟ್ಟರು. ಆ ಹೊತ್ತಿಗೆ ಮುಂಗಡ ಕಟ್ಟಿ ಕಾಯುತ್ತಿದ್ದವರು ಒಂದು ಲಕ್ಷಕ್ಕೂ ಹೆಚ್ಚು. 796 ಸಿ.ಸಿ.ಯ ಮೂರು ಸಿಲಿಂಡರು, ಮುಂದಿನ ಚಕ್ರಕ್ಕೇ ಶಕ್ತಿ. ಹಿಂದಕ್ಕೆ ಹೋಗುವ ಉದ್ದ ಶಾಫ್ಟು ಇಲ್ಲವೆಂದ ಮೇಲೆ ಅದರ ಜಾಯಿಂಟುಗಳ ರಗಳೆಯೂ ಇಲ್ಲ. ರೇಡಿಯೇಟರಿಗೆ ಕರೆಂಟಿನ ಫ್ಯಾನು. ಕೀಲಿ ತಿರುಗಿಸಿದರೆ ಚಳಿಗಾಲದ ಬೆಳಗ್ಗೆಯೂ ಗಾಡಿ ಎದ್ದು ನಿಲ್ಲುತ್ತಿತ್ತು, ಹ್ಯಾಂಡಲ್ಲು ಹಾಕುವ ತೂತೇ ಅದರಲ್ಲಿರಲಿಲ್ಲ. ಇಷ್ಟು ಚಿಕ್ಕ, ಹಗುರ ಡಬ್ಬಿ ನಮ್ಮ ರಸ್ತೆಗೆ ತಾಳುತ್ತದೆಯೇ ಎಂದು ನಕ್ಕವರು ಕೆಲವೇ ವರ್ಷಗಳಲ್ಲಿ ಅದಕ್ಕೇ ಹೆಸರು ಬರೆಸಿದರು. ಗುಟ್ಟು ತಗಡಿನ ದಪ್ಪದಲ್ಲಿರಲಿಲ್ಲ. ಪ್ರತಿಯೊಂದು ಭಾಗವೂ ಒಂದೇ ಅಳತೆಗೆ ಬರಬೇಕೆಂದು ಹಟ ಹಿಡಿದು, ಬಿಡಿಭಾಗ ಕೊಡುವವರಿಗೂ ಅದೇ ಶಿಸ್ತು ಕಲಿಸಿದ, ಮಾರುತಿಯ ಜಪಾನಿ ಪಾಲುದಾರರ ಪದ್ಧತಿಯಲ್ಲಿತ್ತು.

ಬಾಡಿಗೆ ಗಾಡಿಯವರು ಬದಲಾಗಲು ಇನ್ನಷ್ಟು ಕಾಲ ಹಿಡಿಯಿತು. 1998ರ ಕೊನೆಗೆ ಟಾಟಾ ಇಂಡಿಕಾ, 2000ದಲ್ಲಿ ಬಿಡದಿಯ ಟೊಯೋಟ ಕಿರ್ಲೋಸ್ಕರ್ ಕಾರ್ಖಾನೆಯಿಂದ ಕ್ವಾಲಿಸ್, 2005ರಲ್ಲಿ ಅದರ ಜಾಗಕ್ಕೆ ಇನ್ನೋವಾ. ನೋಡಲು ಕ್ವಾಲಿಸ್ ಅಂಥ ಚೆಂದವೇನಲ್ಲ. ಆದರೆ ಪ್ರವಾಸದ ಗಾಡಿ ಓಡಿಸುವವನಿಗೆ ಬೇಕಾದದ್ದು ಚೆಂದವಲ್ಲ, ಗಾಡಿ ಗ್ಯಾರೇಜಿನಲ್ಲಿ ನಿಂತ ದಿನ ದುಡಿಮೆ ಇಲ್ಲ. ಲಕ್ಷಗಟ್ಟಲೆ ಕಿ.ಮೀ. ಓಡಿದರೂ ಇಂಜಿನ್ ಬಿಚ್ಚದ ಗಾಡಿ ಎಂಬ ಹೆಸರು ಟೊಯೋಟಕ್ಕೆ ಬಂದದ್ದು ಜಾಹೀರಾತಿನಿಂದಲ್ಲ, ಟ್ಯಾಕ್ಸಿ ಸ್ಟ್ಯಾಂಡಿನಿಂದ.

ಸರ್ಕಾರದ ಪಾಲನ್ನೂ ಹೇಳಬೇಕು. 2000ದಲ್ಲಿ ದೇಶದಾದ್ಯಂತ ಸೀಸವಿಲ್ಲದ ಪೆಟ್ರೋಲೂ ಹೊಗೆಯ ಹೊಸ ನಿಯಮವೂ ಬಂದವು. ಕಾರ್ಬುರೇಟರ್ ಹೋಗಿ ಇಂಜೆಕ್ಷನ್ ಬಂತು. ಪಾಯಿಂಟು, ಚೋಕು ಎಂಬ ಪದಗಳೇ ಮರೆಯಾದವು. ಗಾಳಿ ಶುದ್ಧವಾಗಲೆಂದು ಮಾಡಿದ ನಿಯಮ ಕಾರನ್ನು ನಂಬಿಕಸ್ಥನನ್ನಾಗಿಯೂ ಮಾಡಿತು. ಜೊತೆಗೆ ರೇಡಿಯಲ್, ಟ್ಯೂಬ್‌ಲೆಸ್ ಟೈರು, ಮುಳುಗಿಸಿ ಬಳಿಯುವ ತುಕ್ಕುನಿರೋಧಕ ಲೇಪನ ಬಂದವು. ಮಲೆನಾಡಿನ ಮಳೆಗೆ ಬಾಗಿಲಿನ ಬುಡ ತಿಂದುಹೋಗುವುದು ಕಡಿಮೆಯಾಯಿತು. ನಷ್ಟವಾದದ್ದು ಸಣ್ಣ ಊರಿನ ಮೇಸ್ತ್ರಿಗೆ: ಕಿವಿಯಿಟ್ಟು ರೋಗ ಹೇಳುತ್ತಿದ್ದವನು ಈಗ ಸ್ಕ್ಯಾನರ್ ಇಲ್ಲದೆ ಬಾನೆಟ್ ಎತ್ತಲಾರ.

ಇನ್ನು ಗಟ್ಟಿತನದ ಮಾತು. 2009ರಲ್ಲಿ ಅಮೆರಿಕದ ವಿಮಾ ಕಂಪನಿಗಳ ಸುರಕ್ಷತಾ ಸಂಸ್ಥೆಯೊಂದು 1959ರ ಷೆವರ್ಲೆ ಬೆಲ್ ಏರ್ ಕಾರನ್ನು 2009ರ ಷೆವರ್ಲೆ ಮಾಲಿಬುವಿಗೆ ಎದುರುಬದುರು ಗುದ್ದಿಸಿತು. ದೈತ್ಯನಂತಿದ್ದ ಹಳೆಯ ಕಾರಿನ ಚಾಲಕನ ಜಾಗವೇ ನಜ್ಜುಗುಜ್ಜಾಯಿತು, ಹೊಸದರಲ್ಲಿ ಮೂತಿ ಮಡಚಿಕೊಂಡು ಒಳಗಿನ ಗೊಂಬೆ ಉಳಿಯಿತು. ಹಾಗೆಂದು ಹೊಸದೆಲ್ಲ ಸುರಕ್ಷಿತ ಎನ್ನುವಂತೆಯೂ ಇಲ್ಲ. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಎಂಬ ಸುರಕ್ಷತಾ ಸಂಸ್ಥೆ ಗುದ್ದಿಸಿ ಪರೀಕ್ಷಿಸಿದ ಭಾರತದ ಐದು ಜನಪ್ರಿಯ ಕಾರುಗಳ ಏರ್‌ಬ್ಯಾಗ್ ಇಲ್ಲದ ಮಾದರಿಗಳಿಗೆ ಸಿಕ್ಕಿದ್ದು ಸೊನ್ನೆ ನಕ್ಷತ್ರ. ಕೆಡದ ಕಾರು ಬೇರೆ, ಕಾಪಾಡುವ ಕಾರು ಬೇರೆ ಎಂದು ಮಾರುಕಟ್ಟೆಗೆ ಗೊತ್ತಾದದ್ದು ಆಮೇಲೆ. ಹೊಸ ಕಾರಿಗೆಲ್ಲ ಎಬಿಎಸ್ ಬ್ರೇಕು, ಚಾಲಕನ ಏರ್‌ಬ್ಯಾಗು ಕಡ್ಡಾಯವಾದದ್ದು 2019ರಲ್ಲಿ, ದೇಶದ್ದೇ ಆದ ಭಾರತ್ ಎನ್‌ಕ್ಯಾಪ್ ಶುರುವಾದದ್ದು 2023ರಲ್ಲಿ.

ಅದೇ 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೋ ಪಟ್ಟಿ ಸೇರಿದವು. ಬೆಂಗಳೂರು–ಹಾಸನ ಚತುಷ್ಪಥ ಆದ ಮೇಲೆ ಅನೇಕರು ಅರಸೀಕೆರೆಯ ಕಡೆ ತಿರುಗದೆ ನೇರವಾಗಿ ಹಾಸನಕ್ಕೇ ಬರುತ್ತಾರೆ. ಗಾಡಿ ಕೆಡುವ ಭಯ ಯಾರಿಗೂ ಇಲ್ಲ. ಆದರೆ ಬಾಡಿಗೆ ಗಾಡಿಯ ಹಿಂದಿನ ಸೀಟಿನಲ್ಲಿ ಬೆಲ್ಟಿನ ಕೊಂಡಿ ಎಷ್ಟೋ ಸಲ ಸೀಟ್ ಕವರಿನ ಕೆಳಗೆ ಹೂತಿರುತ್ತದೆ. ಮುಂದಿನ ಸಲ ಬೇಲೂರಿಗೆ ಹೊರಡುವವರು ಎ.ಸಿ. ಇದೆಯೇ ಎಂದು ಕೇಳುವ ಮೊದಲು ಆ ಕೊಂಡಿಯನ್ನು ಮೇಲೆ ತೆಗೆಸಿ, ಹಾಕಿಕೊಂಡು ಕೂರಬೇಕು.