ಮುಂಬಯಿಯ ಆಟದ ಬಯಲು: ಪೋಲೋ ಕುದುರೆಯಿಂದ ಮಹಾಲಕ್ಷ್ಮಿಯ ರೇಸ್‌ಕೋರ್ಸಿನವರೆಗೆ

ಮುಂಬಯಿ ಕೋಟೆಯ ಹೊರಗಿನ ಎಸ್‌ಪ್ಲನೇಡ್ ಬಯಲು ಆಟಕ್ಕಾಗಿ ಹುಟ್ಟಿದ್ದಲ್ಲ, ಫಿರಂಗಿಗಾಗಿ ಹುಟ್ಟಿದ್ದು. ಕೋಟೆಯ ಮೇಲೆ ಏರಿ ಬರುವ ಶತ್ರುವಿಗೆ ಮರೆಯಾಗುವಂಥ ಮನೆ, ಮರಗಳಾವುವೂ ಇರಕೂಡದೆಂದು ಈಸ್ಟ್ ಇಂಡಿಯಾ ಕಂಪನಿಯವರು ಗೋಡೆಯ ಮುಂದಣ ನೆಲವನ್ನೆಲ್ಲ ಬರಿದುಮಾಡಿಸಿದ್ದರು. 1862ರಲ್ಲಿ ಗವರ್ನರನಾಗಿ ಬಂದ ಸರ್ ಬಾರ್ಟಲ್ ಫ್ರೇರನ ಆಡಳಿತದಲ್ಲಿ ಕೋಟೆಯ ಗೋಡೆಗಳು ಉರುಳಿದುವು. ಶತ್ರುವಿನ ಭಯ ತೀರಿತು, ಬಯಲು ಮಾತ್ರ ಉಳಿಯಿತು. ಇಂದು ಆಜಾದ್ ಮೈದಾನ, ಕ್ರಾಸ್ ಮೈದಾನ, ಓವಲ್, ಕೂಪರೇಜ್ ಎಂದು ಬೇರೆ ಬೇರೆ ಹೆಸರುಗಳಿಂದ ಕರೆಯಲ್ಪಡುವವು ಆ ಒಂದೇ ಬಯಲಿನ ತುಂಡುಗಳು.

ಈ ನೆಲದ ಮೇಲೆ ಜನರಿಗೆ ಹಕ್ಕು ಬಂದದ್ದು ಕಾಗದದಿಂದಲ್ಲ, ಬಳಕೆಯಿಂದ. ಪಾರಸೀ ತರುಣರು 1848ರಲ್ಲಿಯೇ ಓರಿಯಂಟಲ್ ಕ್ರಿಕೆಟ್ ಕ್ಲಬ್ಬನ್ನು ಕಟ್ಟಿಕೊಂಡಿದ್ದರು. ಕೆಲವು ವರ್ಷಗಳ ತರುವಾಯ ಹಿಂದೂ ತರುಣರೂ ಚೆಂಡು ದಾಂಡುಗಳನ್ನು ಹಿಡಿದರು. ಯಾರ ಬಳಿಯೂ ಪಟ್ಟೆಯಿರಲಿಲ್ಲ, ಯಾರೂ ಬೇಲಿ ಹಾಕಿರಲಿಲ್ಲ. ಸಂಜೆ ಬಂದು ಕೋಲು ನೆಟ್ಟವನದೇ ಆ ಸಂಜೆಯ ಮಟ್ಟಿಗೆ ಆ ಜಾಗ. 1875ರಲ್ಲಿ ಯುರೋಪಿಯನರಿಗಷ್ಟೇ ಪ್ರವೇಶವುಳ್ಳ ಬಾಂಬೆ ಜಿಮಖಾನಾ ಸ್ಥಾಪಿತವಾಗಿ ಬಯಲಿನ ಒಂದು ಅಂಚು ಅದರ ಪಾಲಾಯಿತು. ಅಷ್ಟರಿಂದಲೇ ಜಗಳ ಹುಟ್ಟಲಿಲ್ಲ. ಆ ಜಿಮಖಾನಾದ ಸದಸ್ಯರು ತಮ್ಮ ಹುಲ್ಲನ್ನು ಜೋಪಾನವಾಗಿ ಕಾಯ್ದುಕೊಂಡು, ಪೋಲೋ ಆಡುವುದಕ್ಕೆ ದೇಶೀಯರು ಕ್ರಿಕೆಟ್ ಆಡುತ್ತಿದ್ದ ಬಯಲಿಗೆ ಕುದುರೆಗಳನ್ನು ಹೊಡೆದುಕೊಂಡು ಬಂದಾಗ ಜಗಳ ಹುಟ್ಟಿತು. ಗೊರಸಿನ ಗುಳಿ ಬಿದ್ದ ನೆಲದಲ್ಲಿ ಚೆಂಡು ಎತ್ತ ಪುಟಿಯುವುದೆಂದು ಹೇಳುವವರಾರು!

1881ರಲ್ಲಿ 460 ಮಂದಿ ದೇಶೀಯ ಆಟಗಾರರು ರುಜುಹಾಕಿ ಗವರ್ನರ್ ಸರ್ ಜೇಮ್ಸ್ ಫರ್ಗುಸನನಿಗೆ ಬಿನ್ನಹಪತ್ರವನ್ನು ಸಲ್ಲಿಸಿದರು. ಕೈಬೆರಳೆಣಿಕೆಯ ಪೋಲೋ ಆಟಗಾರರ ವಿನೋದಕ್ಕಾಗಿ ನೂರಾರು ಜನರ ಆಟ ಕೆಡಬೇಕೆ ಎಂಬುದು ಅದರ ತಿರುಳು. ರಾಜಕೀಯ ಸಭೆಗಳ ಇತಿಹಾಸವನ್ನು ಬರೆಯುವವರು ಈ ಪತ್ರವನ್ನು ಗಮನಿಸುವುದು ಕಡಿಮೆ. ಇಂಡಿಯನ್ ನ್ಯಾಷನಲ್ ಕಾಂಗ್ರೆಸ್ ಇದೇ ಊರಿನಲ್ಲಿ ಹುಟ್ಟುವುದಕ್ಕೆ ಇನ್ನೂ ನಾಲ್ಕು ವರ್ಷಗಳಿದ್ದುವು. ಆಗಲೇ ಸಾರ್ವಜನಿಕ ನೆಲದ ಉಪಯೋಗವನ್ನು ಕುರಿತು ಸಂಖ್ಯೆಯ ನ್ಯಾಯವನ್ನು ಆಟಗಾರರು ಸರಕಾರದ ಮುಂದಿಟ್ಟಿದ್ದರು. 1882ರಲ್ಲಿ ಸರಕಾರವು ಇವರ ಮಾತನ್ನು ಮನ್ನಿಸಿ ಪೋಲೋ ಆಟವನ್ನು ಕೂಪರೇಜಿಗೆ ಸಾಗಿಸಿತು. ಆದರೆ ಆ ಆಜ್ಞೆ ಬಹುಕಾಲ ನಿಲ್ಲಲಿಲ್ಲ. ಜಿಮಖಾನಾದವರು ಮೇಲಧಿಕಾರಿಗಳ ಕಿವಿಗೆ ಹತ್ತಿರದವರು; ಕುದುರೆಗಳು ಮರಳಿ ಬಂದುವು. ಮತ್ತೆ ಬಿನ್ನಹಗಳಾದುವು, ಮತ್ತೆ ಉತ್ತರಗಳಾದುವು. ಈ ಹೋರಾಟದ ಮುಂದಾಳುಗಳಲ್ಲೊಬ್ಬನಾದ ಶಾಪೂರ್ಜಿ ಸೊರಾಬ್ಜಿ 1897ರಲ್ಲಿ ಪಾರಸಿಗಳ ಕ್ರಿಕೆಟ್ ಚರಿತ್ರೆಯನ್ನು ಬರೆದಾಗ ಅದಕ್ಕೆ ಪೋಲೋ ವ್ಯಾಜ್ಯದ ಕಥೆಯನ್ನೂ ಜೋಡಿಸಿದನು. ಹದಿನಾರು ವರ್ಷಗಳ ಮೇಲೂ ಅವನ ಸಿಟ್ಟು ಆರಿರಲಿಲ್ಲ.

ಈ ವ್ಯಾಜ್ಯಕ್ಕೆ ಕೊನೆಗೆ ದೊರೆತ ಪರಿಹಾರವೇ ಹೆಚ್ಚು ವಿಚಾರಾರ್ಹವಾದುದು. ಬಯಲು ಎಲ್ಲರದೆಂದು ಸರಕಾರ ಒಪ್ಪಲಿಲ್ಲ; ಬದಲಾಗಿ ದೂರು ಕೊಟ್ಟವರಿಗೆ ಬೇರೆ ನೆಲ ಕೊಟ್ಟಿತು. 1885ರಲ್ಲಿ ಸ್ಥಾಪನೆಗೊಂಡ ಪಾರಸೀ ಜಿಮಖಾನಾಕ್ಕೆ ಕೆನಡಿ ಸೀಫೇಸಿನಲ್ಲಿ, ಎಂದರೆ ಮುಂದೆ ಮರೀನ್ ಡ್ರೈವ್ ಹಾದುಹೋದ ಕಡಲಂಚಿನಲ್ಲಿ, ಸ್ಥಳ ಸಿಕ್ಕಿತು. ಪಾರಸಿಗಳಿಗೆ ಕೊಟ್ಟಮೇಲೆ ಮುಸಲ್ಮಾನರಿಗೂ ಹಿಂದೂಗಳಿಗೂ ಇಲ್ಲವೆನ್ನುವುದು ಹೇಗೆ? 1890ರಿಂದ 1895ರವರೆಗೆ ಗವರ್ನರನಾಗಿದ್ದ ಲಾರ್ಡ್ ಹ್ಯಾರಿಸನು, ಸ್ವತಃ ಇಂಗ್ಲೆಂಡಿನ ಪ್ರಸಿದ್ಧ ಕ್ರಿಕೆಟಿಗ, ಮನಸ್ಸಿಲ್ಲದ ಮನಸ್ಸಿನಿಂದ ಅವರಿಗೂ ಪಕ್ಕಪಕ್ಕದ ನಿವೇಶನಗಳನ್ನು ಕೊಟ್ಟನು. ಕೂಡಿ ಕೇಳಿದ ನ್ಯಾಯವು ಹೀಗೆ ಮತವಾರು ಪಾಲಾಗಿ ಹೋಯಿತು. ಬೇಲಿಯಿಲ್ಲದ ನೆಲಕ್ಕಾಗಿ ಹೋರಾಡಿದವರ ಕೈಗೆ ಬಂದುದು ಬೇಲಿ. ಮುಂದೆ ಟ್ರಯಾಂಗ್ಯುಲರ್, ಕ್ವಾಡ್ರಾಂಗ್ಯುಲರ್, ಪೆಂಟಾಂಗ್ಯುಲರ್ ಎಂದು ಬೆಳೆದು 1946ರವರೆಗೆ ನಡೆದ ಮತೀಯ ಪಂದ್ಯಗಳಿಗೂ ಈ ಹಂಚಿಕೆಗೂ ಇರುವ ನಂಟನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬೇಲಿಯೊಳಗೂ ಎಲ್ಲರೂ ಸಮಾನರಾಗಿರಲಿಲ್ಲವೆಂಬುದಕ್ಕೆ ಧಾರವಾಡದಲ್ಲಿ ಹುಟ್ಟಿದ ಪಾಲವಣಕರ ಬಾಳೂ ಅವರ ಬಾಳೇ ಸಾಕ್ಷಿ. ಅಸ್ಪೃಶ್ಯರೆನಿಸಿಕೊಂಡ ಚಮ್ಮಾರ ಕುಲದ ಈ ಎಡಗೈ ಬೌಲರು ಪುಣೆಯ ಯುರೋಪಿಯನರ ಕ್ಲಬ್ಬಿನಲ್ಲಿ ತಿಂಗಳಿಗೆ ನಾಲ್ಕು ರೂಪಾಯಿಯ ಸಂಬಳಕ್ಕೆ ನೆಲ ಹದಮಾಡುತ್ತ, ಸಾಹೇಬರ ಅಭ್ಯಾಸಕ್ಕಾಗಿ ಚೆಂಡೆಸೆಯುತ್ತ ಕಲಿತವರು. ಪುಣೆಯ ಹಿಂದೂ ತಂಡದವರು ಅವರನ್ನು ಆಡಿಸಿಕೊಂಡರಾದರೂ ಚಹವನ್ನು ಹೊರಗೆ ನಿಲ್ಲಿಸಿ ಮಣ್ಣಿನ ಕುಡಿಕೆಯಲ್ಲಿ ಕೊಟ್ಟರು. 1906ರಲ್ಲಿ ಬಾಂಬೆ ಜಿಮಖಾನಾದ ಅದೇ ನೆಲದಲ್ಲಿ ಹಿಂದೂಗಳು ಯುರೋಪಿಯನರನ್ನು 109 ಓಟಗಳಿಂದ ಸೋಲಿಸಿದ ಪಂದ್ಯದಲ್ಲಿ ಬಾಳೂ ಅವರ ಪಾತ್ರ ದೊಡ್ಡದು. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ಅವರು ಪಡೆದ ವಿಕೆಟ್ಟುಗಳು ನೂರಕ್ಕೂ ಹೆಚ್ಚು. ಆದರೂ ಹಿಂದೂ ತಂಡದ ನಾಯಕತ್ವ ಅವರಿಗೆ ಒದಗಲಿಲ್ಲ. ಅದು ಅವರ ತಮ್ಮ ವಿಠ್ಠಲರಿಗೆ ಸಿಕ್ಕಿದ್ದು 1923ರಲ್ಲಿ.

ಇನ್ನು ಬೇಲಿ ಬೀಳದೆ ಉಳಿದ ಭಾಗ. ಆಜಾದ್ ಮೈದಾನದಲ್ಲಿ ಒಂದರ ಪಕ್ಕದಲ್ಲೊಂದು ಪಿಚ್ಚುಗಳು ಒತ್ತಿಕೊಂಡಿವೆ; ಒಂದು ಪಂದ್ಯದ ಫೀಲ್ಡರನು ಇನ್ನೊಂದರ ಬೌಲರನ ಬೆನ್ನಿಗೆ ನಿಂತಿರುತ್ತಾನೆ. 1988ರ ಫೆಬ್ರವರಿಯಲ್ಲಿ ಸಚಿನ್ ತೆಂಡೂಲ್ಕರ್, ವಿನೋದ್ ಕಾಂಬ್ಳಿ ಎಂಬ ಇಬ್ಬರು ಶಾಲಾ ಬಾಲಕರು ಜೊತೆಯಾಟದಲ್ಲಿ 664 ಓಟಗಳನ್ನು ಗಳಿಸಿದ್ದು ಈ ಇಕ್ಕಟ್ಟಿನಲ್ಲಿಯೇ. ಆ ಶಾಲಾ ಪಂದ್ಯಾವಳಿಯ ಹೆಸರು ಹ್ಯಾರಿಸ್ ಶೀಲ್ಡ್!

ನಗರದ ಇನ್ನೊಂದು ದೊಡ್ಡ ಬಯಲು ಮಹಾಲಕ್ಷ್ಮಿಯ ರೇಸ್‌ಕೋರ್ಸು. ಒಂದು ಕಾಲಕ್ಕೆ ಉಬ್ಬರದ ನೀರು ನುಗ್ಗುತ್ತಿದ್ದ ಜವುಗು ನೆಲವದು. ಮೊದಲು ಭಾಯಖಳೆಯಲ್ಲಿ ನಡೆಯುತ್ತಿದ್ದ ಕುದುರೆಯ ಜೂಜು ಹತ್ತೊಂಬತ್ತನೆಯ ಶತಮಾನದ ಕೊನೆಯ ಪಾದದಲ್ಲಿ ಇಲ್ಲಿಗೆ ಸರಿಯಿತು. ನೆಲ ಸರಕಾರದ್ದೂ ಮಹಾನಗರಪಾಲಿಕೆಯದೂ. ಅನುಭೋಗ ರಾಯಲ್ ವೆಸ್ಟರ್ನ್ ಇಂಡಿಯಾ ಟರ್ಫ್ ಕ್ಲಬ್ಬಿನದು. ಕ್ಲಬ್ಬು ಸದಸ್ಯರದೇ ಆದರೂ ಓಟದ ಹಾದಿಯ ಒಳಗಣ ವಿಶಾಲವಾದ ಹಸುರು ನೆಲದಲ್ಲಿ ಬೆಳಗೂ ಸಂಜೆಯೂ ನಡೆಯುವವರು, ಓಡುವವರು ಸಾರ್ವಜನಿಕರು. ಎಸ್‌ಪ್ಲನೇಡಿನ ಹಳೆಯ ಬಳಕೆಯ ಹಕ್ಕು ಇಲ್ಲಿಯೂ ಸದ್ದಿಲ್ಲದೆ ಬೆಳೆದುಬಂದಿತು.

ಗುತ್ತಿಗೆಯ ಅವಧಿ 2013ರಲ್ಲಿ ಮುಗಿಯಿತು. ಆಗಲೇ ವಿನೋದೋದ್ಯಾನದ ಸಲಹೆ ಬಂದಿತ್ತು, ನಡೆಯಲಿಲ್ಲ. 2024ರಲ್ಲಿ ಹೊಸ ಏರ್ಪಾಡು ರೂಪುಗೊಂಡಿತು: ಒಟ್ಟು 211 ಎಕರೆಗಳಲ್ಲಿ 91 ಎಕರೆ 2053ರವರೆಗೆ ಕ್ಲಬ್ಬಿಗೆ, 120 ಎಕರೆ ಸಾರ್ವಜನಿಕ ಉದ್ಯಾನಕ್ಕೆ, ಅದನ್ನು ಕರಾವಳಿ ರಸ್ತೆಗಾಗಿ ಸಮುದ್ರದಿಂದ ಪಡೆದ ನೆಲದೊಡನೆ ಕೂಡಿಸಿ ಸುಮಾರು 300 ಎಕರೆಗಳ ಮಹೋದ್ಯಾನವನ್ನು ಮಾಡುವುದು. ಮೇಲುನೋಟಕ್ಕೆ ಇದು ಲಾಭವೇ. ಜೂಜಿನ ಕ್ಲಬ್ಬಿನ ಕೈಯಿಂದ 120 ಎಕರೆ ಜನಕ್ಕೆ ಬರುವುದನ್ನು ವಿರೋಧಿಸುವವರಾರು ಎಂದು ಸರಕಾರದ ಪರವಾಗಿ ಕೇಳಿದವರ ಪ್ರಶ್ನೆ ತಳ್ಳಿಹಾಕುವಂಥದಲ್ಲ. ನೆರೆಹೊರೆಯವರ ಆತಂಕ ಬೇರೆಯದು. ಬಯಲಿಗೆ ಉದ್ಯಾನವೆಂಬ ಹೆಸರು ಬಂದಮೇಲೆ ಹಾದಿ, ಹಾಸುಗಲ್ಲು, ವಾಹನನಿಲುಗಡೆ, ಸಭಾಮಂದಿರ ಒಂದೊಂದಾಗಿ ಬರುವುದನ್ನು ಮುಂಬಯಿಯ ಜನ ಕಂಡವರು. ಕಟ್ಟಡ ಕಟ್ಟುವುದಿಲ್ಲವೆಂದು ಅಧಿಕಾರಿಗಳು ಭರವಸೆ ಕೊಟ್ಟರು; ಆದರೆ ನೆಲದಡಿಯಲ್ಲಿ ಕ್ರೀಡಾಸಂಕೀರ್ಣವನ್ನು ನಿರ್ಮಿಸುವ ಮಾತೂ ಕೇಳಿಬಂದಿತು. ಮಳೆನೀರನ್ನು ಹೀರಿಕೊಳ್ಳುವ ತಗ್ಗು ನೆಲದ ಅಡಿಯನ್ನು ಕಾಂಕ್ರೀಟು ತುಂಬಿದರೆ ಮೇಲಣ ಹುಲ್ಲು ಹುಲ್ಲಾಗಿಯೇ ಇದ್ದೀತು, ನೀರು ಇಂಗುವ ನೆಲ ಹಾಗಿರಲಾರದು.

ಈ ಯೋಜನೆಗೆ ಸಮ್ಮತಿ ಕೊಟ್ಟವರು ಯಾರು? 2024ರ ಜನವರಿಯಲ್ಲಿ ಮತದಾನ ನಡೆಯಿತು, ಕ್ಲಬ್ಬಿನ ಸದಸ್ಯರಲ್ಲಿ. ಬಹುಮತದಿಂದ ಒಪ್ಪಿಗೆ ದೊರೆಯಿತು. ದಿನವೂ ಆ ನೆಲವನ್ನು ತುಳಿದವರಿಗೆ ಆ ಮತವಿರಲಿಲ್ಲ. ಅವರ ಪರವಾಗಿ ಕೇಳಬೇಕಾದ ನಗರಸೇವಕರೂ ಇರಲಿಲ್ಲ. ಮಹಾನಗರಪಾಲಿಕೆಯ ಚುನಾಯಿತ ಸಭೆಯ ಅವಧಿ 2022ರ ಮಾರ್ಚಿನಲ್ಲಿ ತೀರಿ, ಆಡಳಿತವು ಸರಕಾರ ನೇಮಿಸಿದ ಅಧಿಕಾರಿಯ ಕೈಯಲ್ಲಿತ್ತು. ಮುಂದಿನ ಚುನಾವಣೆ ನಡೆದುದು 2026ರ ಜನವರಿಯಲ್ಲಿ. 1881ರ ಆಟಗಾರರಿಗೂ ಮತವಿರಲಿಲ್ಲ, ನಿಜ. ಆದರೆ ಅವರ ಬಿನ್ನಹಪತ್ರವನ್ನು ಸ್ವೀಕರಿಸಿ ಒಂದು ಸಲವಾದರೂ ಅನುಕೂಲದ ಆಜ್ಞೆಯನ್ನು ಕೊಟ್ಟ ಕಚೇರಿಯೊಂದಿತ್ತು. ಮಹಾಲಕ್ಷ್ಮಿಯಲ್ಲಿ ನಡೆದಾಡುವವರು ಅಂಥದೇ ಪತ್ರವನ್ನು ಬರೆದು ಯಾರ ವಿಳಾಸಕ್ಕೆ ಕಳುಹಿಸಬೇಕೆಂಬುದು 2024ರಲ್ಲಿ ಇತ್ಯರ್ಥವಾಗದೆಯೇ 120 ಎಕರೆಗಳ ಹಸ್ತಾಂತರದ ಒಪ್ಪಂದವಾಯಿತು.