ಕಿಕ್ಕೋ, ಸೆಲ್ಫೋ?

ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿ.ಮೀ. ತಂತಿಯಲ್ಲಿ ಹಾದು ಕೋಲಾರದ ಚಿನ್ನದ ಗಣಿಗೆ ಬಂದದ್ದು 1902ರಲ್ಲಿ. ಅದೇ ಊರಿನ ನನ್ನ ಸ್ಕೂಟರಿಗೆ ಕರೆಂಟಿನ ಗುಂಡಿ ಬರಲು ಇನ್ನೂ 90 ವರ್ಷ ಬೇಕಾಯಿತು!

ರಾಬರ್ಟ್‌ಸನ್‌ಪೇಟೆಯಿಂದ ಬಂಗಾರಪೇಟೆಯ ಶಾಲೆಗೆ ಪಾಠ ಹೇಳಲು ಹೋಗುತ್ತಿದ್ದೆ. ಹಳೆಯ ಗೇರ್ ಸ್ಕೂಟರನ್ನು ಪಕ್ಕಕ್ಕೆ ವಾಲಿಸಿ, ನೆರಿಗೆ ಎತ್ತಿ ಹಿಡಿದು ಹತ್ತು ಸಲ ಒದೆಯಬೇಕು. ಎದುರುಮನೆ ಜಗಲಿಯಲ್ಲಿ ಪ್ರೇಕ್ಷಕರು ಬೇರೆ. ಕೊನೆಗೆ, "ರೀ, ಸ್ವಲ್ಪ ಬನ್ನಿ" ಎಂದು ಯಜಮಾನರನ್ನು ಕೂಗಬೇಕು. ಗಾಡಿ ನನ್ನದು, ಹೊರಡುವ ಹೊತ್ತು ಅವರದು.

ಅಮೆರಿಕದಲ್ಲಿ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಸೆಲ್ಫ್ ಸ್ಟಾರ್ಟರ್ 1912ರಲ್ಲೇ ಕ್ಯಾಡಿಲಾಕ್ ಕಾರಿಗೆ ಬಂದು, ಹ್ಯಾಂಡಲ್ ತಿರುಗಿಸುವ ಕಷ್ಟ ತಪ್ಪಿಸಿತ್ತು. ನಮ್ಮಲ್ಲಿ 1984ರ ಕೈನೆಟಿಕ್ ಹೋಂಡಾಕ್ಕೆ ಗೇರೂ ಇರಲಿಲ್ಲ, ಒದೆಯುವ ಕೆಲಸವೂ ಇರಲಿಲ್ಲ.

"ನನ್ನ ಗಾಡಿಗೂ ಸೆಲ್ಫ್ ಕೂರಿಸಪ್ಪ" ಎಂದೆ ಮೆಕ್ಯಾನಿಕ್‌ಗೆ.

"ಮೋಟಾರು, ದೊಡ್ಡ ಬ್ಯಾಟರಿ, ವೈರಿಂಗು, ಎಂಜಿನ್ನಿಗೆ ಹಲ್ಲಿನ ಚಕ್ರ, ಎಲ್ಲಾ ಬೇಕಕ್ಕ. ಗಾಡಿ ಬದಲಾಯಿಸೋದೇ ವಾಸಿ."

ಹಾಗೇ ಮಾಡಿದೆ. ಬ್ಯಾಟರಿ ಕೈಕೊಟ್ಟ ದಿನ ಕಿಕ್ಕೇ ಕಾಪಾಡಿತು. ಅದೂ ಇರಲಿ ಎನ್ನುತ್ತೇನೆ.

2001ರಲ್ಲಿ ಗಣಿ ಮುಚ್ಚಿತು, ಯಜಮಾನರ ಸಂಬಳ ನಿಂತಿತು. ಮರುದಿನ ಬೆಳಿಗ್ಗೆ ಯಾರನ್ನೂ ಕೂಗದೆ, ಗುಂಡಿ ಒತ್ತಿ ಶಾಲೆಗೆ ಹೊರಟೆ.